ಡೈರಿಯಲ್ಲಿ ಖಾಲಿ ಬಿಟ್ಟ ಸಾಲು

ಪ್ರಶ್ನೆ: ನಾನು ಕಾರವಾರದವಳು, ಬ್ಯಾಂಕಿನಲ್ಲಿ ಕೆಲಸ. ವಾರಕ್ಕೆ ಎರಡಾದರೂ ಸಿನಿಮಾ ನೋಡುತ್ತೇನೆ. ಕೆಲವು ಟಾಕೀಸಿನಲ್ಲಿ, ಹೆಚ್ಚಿನವು ರಾತ್ರಿ ಮಲಗುವ ಮುಂಚೆ ಮೊಬೈಲಿನಲ್ಲಿ. ನೋಡಿದ್ದನ್ನೆಲ್ಲ ಡೈರಿಯಲ್ಲಿ ಬರೆದು ಐದಕ್ಕೆ ಇಷ್ಟು ಅಂತ ಸ್ಟಾರ್ ಹಾಕುವ ಅಭ್ಯಾಸ. ‘ಕಾಂತಾರ’ ಟಾಕೀಸಿನಲ್ಲಿ ಮೂರು ಸಲ ನೋಡಿದೆ, ಐದು ಸ್ಟಾರ್. ‘ಕೆಜಿಎಫ್’ಗೆ ನಾಲ್ಕು. ‘ತಿಥಿ’ ಮೊಬೈಲಿನಲ್ಲಿ ಶುರು ಮಾಡಿ ಅರ್ಧಕ್ಕೆ ಬಿಟ್ಟೆ, ಎರಡು. ‘ಘಟಶ್ರಾದ್ಧ’ ನೋಡಿ ಅತ್ತೆ. ಕೊನೆಯಲ್ಲಿ ಮರದ ಕೆಳಗೆ ಕೂತ ಯಮುನಕ್ಕ ಎರಡು ದಿನ ಕಣ್ಣ ಮುಂದೆಯೇ ಇದ್ದಳು. ಆದರೆ ಸಿನಿಮಾ ಇಷ್ಟ ಆಯ್ತಾ ಇಲ್ವಾ ಅಂತ ಹೇಳಲಿಕ್ಕೆ ಬರಲಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದೇನೆ. ಜೊತೆಗೆ ಕೆಲಸ ಮಾಡುವವರು ‘ನಿನಗೆ ಆರ್ಟ್ ಸಿನಿಮಾ ಅರ್ಥ ಆಗಲ್ಲ’ ಅನ್ನುತ್ತಾರೆ. ನನ್ನ ಅಭಿಪ್ರಾಯ ತಪ್ಪಾ ಸರ್? ಸಿನಿಮಾ ನೋಡಲಿಕ್ಕೂ ಕಲಿಯಬೇಕಾ? ಹಾಗೇ, ಅಮ್ಮನ ಜೊತೆ ಕೂತು ನೋಡುವಂಥ ಒಂದು ‘ನಿಧಾನದ’ ಸಿನಿಮಾ ಹೇಳಿ. ಅಮ್ಮನ ತವರು ಹೊನ್ನಾವರ. ಅವರು ಯಕ್ಷಗಾನದ ಆಟ ಬಿಟ್ಟರೆ ಬೇರೇನೂ ಪೂರ್ತಿ ಕೂತು ನೋಡಿದವರಲ್ಲ.

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಕಣ್ಣು ನಿಂತಿದ್ದು ಒಂದೇ ಕಡೆ. ನೀವು ಖಾಲಿ ಬಿಟ್ಟ ಆ ಜಾಗದಲ್ಲಿ. ‘ಕಾಂತಾರ’ಕ್ಕೆ ಐದು ಸ್ಟಾರ್ ಕೊಟ್ಟಿದ್ದೀರಿ, ಆದರೆ ಅದರಲ್ಲಿ ಏನು ಕಂಡಿರಿ ಅಂತ ನನಗೆ ಒಂದು ಮಾತೂ ಬರೆದಿಲ್ಲ. ಸ್ಟಾರೇ ಹಾಕದ ಸಿನಿಮಾದ ಬಗ್ಗೆ ಮಾತ್ರ ಬರೆದಿದ್ದೀರಿ: ಮರ, ಅದರ ಕೆಳಗೆ ಯಮುನಕ್ಕ, ಎರಡು ದಿನ. ನಿಮ್ಮ ಡೈರಿಯಲ್ಲಿ ನಿಜವಾದ ಅಭಿಪ್ರಾಯ ಇರುವುದು ಆ ಖಾಲಿ ಸಾಲಿನಲ್ಲೇ. ಅದನ್ನು ಮಾತಿಗೆ ತರುವುದು ಹೇಗೆ ಅನ್ನುವುದಷ್ಟೇ ನಾವು ನೋಡಬೇಕಾದದ್ದು.

ಶಿರಸಿಯಲ್ಲಿ ಮೂವತ್ತು ವರ್ಷದಿಂದ ನಾನು ಸಿನಿಮಾ ತೋರಿಸಿ, ಆಮೇಲೆ ನೋಡಿದವರನ್ನು ಕೂರಿಸಿ ಮಾತಾಡಿಸುತ್ತಾ ಬಂದಿದ್ದೇನೆ. ಶಾಲೆಯ ಹಾಲ್‌ನಲ್ಲಿ, ಸೊಸೈಟಿಯ ಮಹಡಿಯಲ್ಲಿ, ಮಳೆಗಾಲದಲ್ಲಿ ಮನೆಯ ಜಗಲಿಯಲ್ಲಿ. ದೀಪ ಹಾಕಿದ ಕೂಡಲೇ ‘ಹೇಗಿತ್ತು?’ ಅಂತ ಕೇಳಿದರೆ ‘ಚೊಲೋ ಇತ್ತು’ ಅನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ‘ಏನು ಕಂಡಿತು?’ ಅಂತ ಕೇಳಿ ನೋಡಿ. ಹಿಂದಿನ ಸಾಲಿನಲ್ಲಿ ಕವಳ ಹಾಕಿಕೊಂಡು ಸುಮ್ನೆ ಕೂತಿದ್ದ ಅಜ್ಜಿಯೂ ಮಾತಾಡುತ್ತಾರೆ. ಅವರು ಹೇಳಿದ್ದು ನನಗೆ ಕಂಡೇ ಇರುವುದಿಲ್ಲ, ಎಷ್ಟೋ ಸಲ ಹೀಗೆ ಆಗಿದೆ.

ಸಿನಿಮಾ ನೋಡಲಿಕ್ಕೂ ಕಲಿಯಬೇಕಾ ಅಂದಿರಿ. ಕಲಿಯಬೇಕು. ಆದರೆ ನಮ್ಮ ಜಿಲ್ಲೆಯವರಿಗೆ ಅರ್ಧ ಕಲಿಕೆ ಮೊದಲೇ ಆಗಿರುತ್ತದೆ. ನಿಮ್ಮ ಅಮ್ಮನನ್ನೇ ತೆಗೆದುಕೊಳ್ಳಿ. ಅವರು ಆಟ ನೋಡಿ ಬೆಳೆದವರು. ಚಂಡೆ ಶುರುವಾಗಿ, ವೇಷಗಳು ಕುಣಿದು ಪ್ರವೇಶಿಸುವ ಒಡ್ಡೋಲಗ ಮುಗಿದು, ಕಥೆ ಹೊರಡುವ ಹೊತ್ತಿಗೆ ಎಷ್ಟು ಹೊತ್ತಾಗಿರುತ್ತದೆ ಹೇಳಿ. ಅಷ್ಟು ಹೊತ್ತೂ ಕಥೆ ಅಂತ ಏನೂ ನಡೆದಿರುವುದಿಲ್ಲ. ಆದರೂ ಯಾರೂ ‘ಬೋರು’ ಅನ್ನುವುದಿಲ್ಲ. ಕೀಚಕ ಸಾಯುತ್ತಾನೆ ಅಂತ ಮಕ್ಕಳಿಗೂ ಗೊತ್ತು. ಆದರೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಲಿಕ್ಕೆ ಜನ ಗದ್ದೆ ಬದು ದಾಟಿ, ಟಾರ್ಚು ಹಿಡಿದು ಹೋಗುತ್ತಿದ್ದರು. ಸೈರಂಧ್ರಿಯನ್ನು ಕಂಡ ಕೂಡಲೇ ಆ ವೇಷದ ಕಣ್ಣು, ಕತ್ತು, ಹೆಜ್ಜೆಯಲ್ಲಿ ಏನಾಗುತ್ತದೆ ಅಂತ ನೋಡುವುದೇ ಅವರಿಗೆ ಬೇಕಿತ್ತು. ಏನು ನೋಡಬೇಕು ಅಂತ ಗೊತ್ತಿದ್ದವರಿಗೆ ಹೊತ್ತು ಹೋಗಿದ್ದು ಗೊತ್ತಾಗುವುದಿಲ್ಲ.

ಮರುದಿನ ಚಾ ಅಂಗಡಿಯಲ್ಲಿ ಅವರು ಮಾತಾಡುವುದನ್ನು ಕೇಳಿದ್ದೀರಲ್ಲ? ಸ್ಟಾರ್ ಕೊಡುವುದಿಲ್ಲ. ‘ಪದ್ಯ ಚೊಲೋ ಆತು, ಅರ್ಥ (ವೇಷಧಾರಿಯ ಮಾತು) ಉದ್ದ ಆತು’ ಅನ್ನುತ್ತಾರೆ. ‘ಪ್ರವೇಶ ಭರ್ಜರಿ ಇತ್ತು, ಬೆಳಗಿನ ಹೊತ್ತಿಗೆ ಸುಸ್ತು ಕಾಣ್ತು’ ಅನ್ನುತ್ತಾರೆ. ಇಂಥ ಜಾಗದಲ್ಲಿ ಇಂಥದು ಆಯ್ತು ಅಂತ ಬೆರಳಿಟ್ಟು ತೋರಿಸುತ್ತಾರೆ. ಸಿನಿಮಾದ ಅಭಿಪ್ರಾಯಕ್ಕೂ ನನಗೆ ಬೇಕಾದದ್ದು ಇದೇ.

ಇದು ಸುಮ್ನೆ ಹೇಳುವ ಮಾತಲ್ಲ. ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ, ಬೇರೆ ಬೇರೆ ದೇಶದ ಸಿನಿಮಾಗಳನ್ನು ಅಡಿಕೆ ಬೆಳೆಯುವವರ, ಕೂಲಿ ಮಾಡುವವರ ಮುಂದೆ ಇಟ್ಟಿತು. ಭಾಷೆ ಬಾರದ ಜನ ಕೂತು ನೋಡಿದರು, ಆಮೇಲೆ ಮಾತಾಡಿದರು. ನಾನು ಸಿನಿಮಾ ನೋಡಲು ಕಲಿತದ್ದೂ ಅಲ್ಲಿನ ಶಿಬಿರದಲ್ಲೇ.

ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ. ‘ಆರ್ಟ್ ಸಿನಿಮಾ’, ‘ಕಮರ್ಷಿಯಲ್ ಸಿನಿಮಾ’ ಅನ್ನುವುದು ಹಣ ಎಲ್ಲಿಂದ ಬಂತು, ಎಷ್ಟು ಟಾಕೀಸಿಗೆ ಹೋಯ್ತು ಅಂತ ಹೇಳಲಿಕ್ಕೆ ಅನುಕೂಲದ ಮಾತು. ಸಿನಿಮಾ ಹೇಗಿದೆ ಅಂತ ಅದು ಹೇಳುವುದಿಲ್ಲ. ನಮ್ಮ ಜಿಲ್ಲೆಯ ನಂಟಿರುವ ದೊಡ್ಡವರನ್ನೇ ನೋಡಿ. ಗಿರೀಶ ಕಾರ್ನಾಡರ ಬಾಲ್ಯ ಕಳೆದದ್ದು ಶಿರಸಿಯಲ್ಲಿ. 1970ರ ‘ಸಂಸ್ಕಾರ’ದ ಪ್ರಾಣೇಶಾಚಾರ್ಯರೂ ಅವರೇ, 2012ರಲ್ಲಿ ‘ಏಕ್ ಥಾ ಟೈಗರ್’ನಲ್ಲಿ ಸಲ್ಮಾನ್ ಖಾನ್ ಪಾತ್ರದ ಮೇಲಧಿಕಾರಿಯೂ ಅವರೇ. ಶಂಕರ್ ನಾಗ್ ಹೊನ್ನಾವರ ಕಡೆಯವರು. ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಸಿನಿಮಾದ ಕೂಲಿ ಸೈನಿಕ ಅವರು, ‘ಆಟೋ ರಾಜ’ನೂ ಅವರೇ. ‘ಮಿಂಚಿನ ಓಟ’ವನ್ನು ನಿರ್ದೇಶಿಸಿದ್ದೂ ಅವರೇ. ಇವರ್ಯಾರೂ ಒಂದು ಬೇಲಿಯ ಒಳಗೆ ಕೂತು ಕೆಲಸ ಮಾಡಲಿಲ್ಲ. ನೋಡುವ ನಾವು ಮಾತ್ರ ಯಾಕೆ ಬೇಲಿ ಹಾಕಿಕೊಳ್ಳಬೇಕು?

‘ಕಾಂತಾರ’ಕ್ಕೆ ಐದು ಸ್ಟಾರ್ ಕೊಟ್ಟದ್ದಕ್ಕೆ ನಾಚಿಕೊಳ್ಳಬೇಡಿ. 2022ರ ಸೆಪ್ಟೆಂಬರ್ 30ಕ್ಕೆ ಅದು ತೆರೆಗೆ ಬಂದ ಮೊದಲ ವಾರವೇ ನಾನೂ ನೋಡಿದೆ. ಟಾಕೀಸು ತುಂಬಿತ್ತು. ಅರಣ್ಯ ಇಲಾಖೆಯವರು ಗಡಿ ಗುರುತು ಮಾಡಲಿಕ್ಕೆ ಬರುವ ಭಾಗದಲ್ಲಿ ನನ್ನ ಸುತ್ತ ಕೂತವರು ಇದ್ದಕ್ಕಿದ್ದಂತೆ ಸುಮ್ಮನಾದರು. ಸಿನಿಮಾ ಕುಂದಾಪುರ ಕಡೆಯದು, ದೈವ ಅಲ್ಲಿಯದು. ಆದರೆ ಬೆಟ್ಟ, ಅತಿಕ್ರಮಣ, ನೋಟಿಸು, ಇವು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳ ದಿನದ ಮಾತು. ಆ ಸುಮ್ಮನಿರುವಿಕೆಯನ್ನು ನಾನು ಸಿನಿಮಾದ ಗೆಲುವು ಅಂತಲೇ ಎಣಿಸುತ್ತೇನೆ.

ಆದರೆ ನಿಮ್ಮನ್ನು ಮೂರು ಸಲ ಎಳೆದದ್ದು ಕೊನೆಯ ಭಾಗ ಇರಬೇಕು, ಅಲ್ವಾ? ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಲ್ಲಿಯವರೆಗೆ ಸಿನಿಮಾ ಓಡುತ್ತಲೇ ಇರುತ್ತದೆ. ಕಂಬಳ, ಹೊಡೆದಾಟ, ನಗು, ಬೇಟೆ. ಶಾಟ್‌ಗಳು ಚಿಕ್ಕವು, ಸದ್ದು ದೊಡ್ಡದು. ಗುಳಿಗ ದೈವ ಮೈಮೇಲೆ ಬಂದಾಗ ಆ ಸದ್ದು ಇನ್ನೂ ಏರುತ್ತದೆ. ಆಮೇಲೆ ಹೊಡೆದಾಟ ಮುಗಿದು, ಕಥಾನಾಯಕ ಶಿವ ಊರವರ ಕೈ, ಅರಣ್ಯಾಧಿಕಾರಿಯ ಕೈ, ಎಲ್ಲವನ್ನೂ ಒಟ್ಟು ಹಿಡಿದು ಎದೆಗೆ ಒತ್ತಿಕೊಳ್ಳುತ್ತಾನೆ. ಅಲ್ಲಿ ಡೈಲಾಗ್ ಇಲ್ಲ. ಎರಡು ಗಂಟೆಗಿಂತ ಜಾಸ್ತಿ ಗದ್ದಲ ಮಾಡಿದ ಸಿನಿಮಾ, ತನ್ನ ಮುಖ್ಯ ಮಾತನ್ನು ಬಾಯಿಬಿಟ್ಟು ಹೇಳದೆ ಕೈಗಳಿಂದ ಹೇಳಿಸುತ್ತದೆ. ರಿಷಬ್ ಶೆಟ್ಟಿಯವರ ಮೈ, ಅಜನೀಶ್ ಲೋಕನಾಥ್ ಅವರ ಸಂಗೀತ ಎರಡೂ ಅಲ್ಲಿ ಒಂದೇ ಆಗಿವೆ. ನಿಮ್ಮ ಡೈರಿಯಲ್ಲಿ ‘ಐದು’ ಅನ್ನುವ ಅಂಕಿಯ ಬದಲು ‘ಕೈಗಳು’ ಅಂತ ಒಂದೇ ಪದ ಇದ್ದಿದ್ದರೂ ನನಗೆ ಜಾಸ್ತಿ ತಿಳಿಯುತ್ತಿತ್ತು.

ಹಾಗಂತ ಅದರಲ್ಲಿ ಕೊರತೆ ಇಲ್ಲ ಅಂತಲ್ಲ. ಲೀಲಾ ಇದ್ದಾಳಲ್ಲ, ಅವಳ ಪಾತ್ರ ನನಗೆ ಈಗಲೂ ಮನಸ್ಸಿನಲ್ಲಿ ಚುಚ್ಚುತ್ತದೆ. ಊರಿನ ಹುಡುಗಿ, ಕಷ್ಟಪಟ್ಟು ಫಾರೆಸ್ಟ್ ಗಾರ್ಡ್ ಆಗುತ್ತಾಳೆ. ತನ್ನ ಊರವರ ಜಾಗಕ್ಕೇ ಬೇಲಿ ಹಾಕುವ ಕೆಲಸದಲ್ಲಿ ಅವಳೇ ನಿಲ್ಲಬೇಕಾಗುತ್ತದೆ. ಇಡೀ ಕಥೆಯಲ್ಲಿ ಇದಕ್ಕಿಂತ ಬಿಗಿಯಾದ ಗಂಟು ಇನ್ನೊಂದಿಲ್ಲ. ಸಂಬಳ ಒಂದು ಕಡೆ, ಮನೆಯವರು ಇನ್ನೊಂದು ಕಡೆ. ಸಿನಿಮಾ ಆ ಗಂಟಿನ ಹತ್ತಿರ ಹೋಗಿ, ಅದನ್ನು ಬಿಚ್ಚದೆ ದಾಟಿ ಹೋಗುತ್ತದೆ. ಅವಳ ಸೊಂಟ ಚಿವುಟುವ ತಮಾಷೆಗೆ ಸಮಯ ಇದೆ, ಆ ಯೂನಿಫಾರ್ಮ್ ಹಾಕಿಕೊಂಡು ಮನೆಗೆ ಹೋದ ರಾತ್ರಿ ಅವಳಿಗೆ ಏನಾಯ್ತು ಅಂತ ನೋಡಲಿಕ್ಕೆ ಸಮಯ ಇಲ್ಲ. ಇಷ್ಟಪಟ್ಟ ಸಿನಿಮಾದ ಬಗ್ಗೆ ಇದನ್ನು ಹೇಳಬೇಕು. ಇಷ್ಟಪಟ್ಟದ್ದಕ್ಕೇ ಹೇಳಬೇಕು.

‘ಕೆಜಿಎಫ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಆಟದಲ್ಲಿ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಪ್ರವೇಶ ಇದ್ದ ಹಾಗೆ. ತೆರೆಯ ಹಿಂದೆ ಆರ್ಭಟ ಕೇಳಿಸುತ್ತದೆ, ಕಿರೀಟದ ತುದಿ ಕಾಣುತ್ತದೆ, ಪೂರ್ತಿ ಕಾಣುವಷ್ಟರಲ್ಲಿ ನಮ್ಮ ಮನಸ್ಸಿನಲ್ಲಿ ಅವನು ಎರಡಾಳು ಎತ್ತರ ಆಗಿರುತ್ತಾನೆ. ಮೊದಲ ಭಾಗದಲ್ಲಿ ಅನಂತ್ ನಾಗ್ ಕೂತು ಕಥೆ ಹೇಳುತ್ತಾರಲ್ಲ, ಅವರೇ ಅಲ್ಲಿ ಪದ್ಯ ಹಾಡಿ ಕಥೆ ನಡೆಸುವ ಭಾಗವತರು. ರಾಕಿ ತಾನು ಮಾಡಿದ್ದಕ್ಕಿಂತ ಬೇರೆಯವರು ಅವನ ಬಗ್ಗೆ ಹೇಳಿದ್ದರಿಂದ ದೊಡ್ಡವನಾಗುತ್ತಾನೆ. ಈ ಕಟ್ಟಡ ಕಟ್ಟುವುದರಲ್ಲಿ ಪ್ರಶಾಂತ್ ನೀಲ್ ಗಟ್ಟಿಗರು. ಎರಡನೇ ಭಾಗದಲ್ಲಿ ಆರ್ಭಟ ನಿಲ್ಲುವುದೇ ಇಲ್ಲ. ಚಂಡೆಗೂ ನಡುವೆ ಬಿಡುವು ಬೇಕು. ನನ್ನ ಡೈರಿಯಾದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ಬೇರೆ ಬೇರೆ ಸಾಲು ಬರೆಯುತ್ತಿದ್ದೆ. ನೀವು ಎರಡಕ್ಕೂ ಸೇರಿಸಿ ನಾಲ್ಕು ಹಾಕಿದ್ದೀರಿ.

‘ತಿಥಿ’ಯ ವಿಷಯದಲ್ಲಿ ನಿಮ್ಮ ಜೊತೆ ಜಗಳ ಆಡಬೇಕು ಅನ್ನಿಸುತ್ತಿದೆ. ಅರ್ಧ ನೋಡಿದ ಸಿನಿಮಾಕ್ಕೆ ಸ್ಟಾರ್ ಹಾಕುವುದು ಸರಿಯಲ್ಲ. ‘ಅರ್ಧಕ್ಕೆ ಬಿಟ್ಟೆ’ ಅಂತ ಬರೆಯಿರಿ, ಅದು ನಿಜ, ಅಷ್ಟು ಸಾಕು. ಮತ್ತೆ, ನೋಡಿದ್ದು ಮೊಬೈಲಿನಲ್ಲಿ, ಮಲಗುವ ಮುಂಚೆ. ಇಲ್ಲಿ ಒಂದು ತಾಂತ್ರಿಕ ವಿಷಯ ಇದೆ, ನಿಮ್ಮ ತಪ್ಪೂ ಅಲ್ಲ, ಸಿನಿಮಾದ ತಪ್ಪೂ ಅಲ್ಲ.

ವೇಗದ ಸಿನಿಮಾದಲ್ಲಿ ಎರಡು ಮೂರು ಸೆಕೆಂಡಿಗೆ ಒಂದು ಕಟ್ ಬರುತ್ತದೆ. ಮುಖ, ಕತ್ತಿ, ಮುಖ, ಗಾಡಿ. ಎಲ್ಲಿ ನೋಡಬೇಕು ಅಂತ ನಿರ್ದೇಶಕರೇ ನಿಮ್ಮ ಗಲ್ಲ ಹಿಡಿದು ತಿರುಗಿಸುತ್ತಾರೆ. ಮೊಬೈಲಿನ ಪುಟ್ಟ ಪರದೆಯಲ್ಲೂ ದೊಡ್ಡ ಮುಖ ಚೆನ್ನಾಗಿ ಕಾಣುತ್ತದೆ. ‘ತಿಥಿ’ಯಂಥ ಸಿನಿಮಾದಲ್ಲಿ ಕ್ಯಾಮೆರಾ ದೂರ ನಿಲ್ಲುತ್ತದೆ. ರಸ್ತೆ, ಗದ್ದೆ, ಗೋಡೆಗೆ ಒರಗಿ ಕೂತವರು, ಹಿಂದೆ ಹಾದು ಹೋಗುವ ಎಮ್ಮೆ, ಎಲ್ಲ ಒಟ್ಟಿಗೆ. ಎಲ್ಲಿ ನೋಡಬೇಕು ಅನ್ನುವುದು ನಿಮಗೇ ಬಿಟ್ಟದ್ದು. ದೊಡ್ಡ ಪರದೆಯಲ್ಲಿ ಕಣ್ಣು ಅಲ್ಲಿ ಓಡಾಡುತ್ತದೆ, ಏನಾದರೂ ಸಿಗುತ್ತಲೇ ಇರುತ್ತದೆ. ಮೊಬೈಲಿನಲ್ಲಿ ಅದೇ ಮನುಷ್ಯ ಅಕ್ಕಿಕಾಳಿನಷ್ಟು. ಕಣ್ಣಿಗೆ ಓಡಾಡಲಿಕ್ಕೆ ಜಾಗವೇ ಇಲ್ಲ. ಏನೂ ಆಗುತ್ತಿಲ್ಲ ಅನ್ನಿಸುವುದು ಸಹಜ. ಬೋರ್ ಆಗಿದ್ದು ಅಲ್ಲಿ.

‘ತಿಥಿ’ ಮಾಡಿದ್ದು ರಾಮ್ ರೆಡ್ಡಿ, ಬರವಣಿಗೆಯಲ್ಲಿ ಜೊತೆಗಿದ್ದವರು ಈರೇಗೌಡ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಅಲ್ಲಿಯ ಜನರನ್ನೇ ಇಟ್ಟುಕೊಂಡು ತೆಗೆದ ಸಿನಿಮಾ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದು, ಮರುವರ್ಷ ನಮ್ಮ ಟಾಕೀಸಿಗೆ ಬಂತು. ನಟರಲ್ಲದವರನ್ನು ಹಾಕಿಕೊಂಡದ್ದು ದುಡ್ಡು ಉಳಿಸಲಿಕ್ಕೆ ಅಂತ ಕೆಲವರು ತಿಳಿದಿದ್ದಾರೆ. ಆ ಸಿನಿಮಾ ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಅದರಲ್ಲಿನ ಮುದುಕ ಗಡ್ಡಪ್ಪ ನಡೆಯುವ ರೀತಿ ನೋಡಿ. ಕೈ ಬೀಸಿಕೊಂಡು, ಯಾರ ಮಾತಿಗೂ ನಿಲ್ಲದೆ, ಎಲ್ಲೂ ತಲುಪಬೇಕಾಗಿಲ್ಲದವನ ನಡಿಗೆ. ಇದನ್ನು ಕಲಿಸಲಿಕ್ಕೆ ಬರುವುದಿಲ್ಲ.

ನೀವು ಬಿಟ್ಟ ಜಾಗದಿಂದ ಮುಂದೆ ಒಂದು ರಾತ್ರಿಯ ದೃಶ್ಯ ಬರುತ್ತದೆ. ಗಡ್ಡಪ್ಪ ಕುರಿ ಮೇಯಿಸುವವರ ಜೊತೆ ಬೆಂಕಿಯ ಮುಂದೆ ಕೂತಿದ್ದಾನೆ. ಅಲ್ಲಿಯವರೆಗೆ ಅವನನ್ನು ನಾವು ಬೀಡಿ, ಬ್ರಾಂದಿ, ತಿರುಗಾಟದ ಉಡಾಳ ಮುದುಕ ಅಂತ ತಿಳಿದಿರುತ್ತೇವೆ. ಅಪ್ಪ ಸತ್ತರೂ ಅಳಲಿಲ್ಲ, ಮಗ ಜಮೀನಿನ ಕಾಗದಕ್ಕೆ ಒದ್ದಾಡುತ್ತಿದ್ದರೂ ಕ್ಯಾರೇ ಅನ್ನಲಿಲ್ಲ. ಆ ರಾತ್ರಿ ಅವನು ತನ್ನ ಹಳೆಯ ಕಥೆ ಹೇಳುತ್ತಾನೆ. ಏನು ಕಥೆ ಅಂತ ನಾನು ಹೇಳುವುದಿಲ್ಲ, ನೀವೇ ಕೇಳಬೇಕು. ದುಃಖಪಡಿ ಅಂತ ಒತ್ತಾಯಿಸುವ ಪಿಟೀಲು ಅಲ್ಲಿಲ್ಲ. ಮಾತು ಏರುವುದೂ ಇಲ್ಲ. ನಿನ್ನೆ ಸಂತೆಗೆ ಹೋಗಿದ್ದೆ ಅಂತ ಹೇಳುವ ದನಿಯಲ್ಲೇ ಹೇಳುತ್ತಾನೆ. ಅದು ಮುಗಿದಾಗ ಮೊದಲ ಅರ್ಧದಲ್ಲಿ ನೋಡಿದ ಪ್ರತಿಯೊಂದು ನಡಿಗೆಯೂ ಬೇರೆಯಾಗಿ ಕಾಣುತ್ತದೆ. ಆ ನಿಧಾನ ಇರದಿದ್ದರೆ, ಅಷ್ಟು ನಡಿಗೆ ನಾವು ನೋಡಿರದಿದ್ದರೆ, ಈ ಹತ್ತು ಮಾತಿಗೆ ಆ ತೂಕ ಬರುತ್ತಿರಲಿಲ್ಲ. ಮನೆಯ ಟಿವಿಯಲ್ಲಿ, ದೀಪ ಆರಿಸಿ, ಫೋನನ್ನು ಅಡುಗೆಮನೆಯಲ್ಲಿಟ್ಟು ಮತ್ತೊಮ್ಮೆ ಮೊದಲಿಂದ ನೋಡಿ. ಆಮೇಲೂ ಎರಡೇ ಸ್ಟಾರ್ ಅನ್ನಿಸಿದರೆ ಹಾಕಿ, ನಾನು ಜಗಳ ಆಡುವುದಿಲ್ಲ.

ನಿಧಾನ ಇದ್ದ ಮಾತ್ರಕ್ಕೆ ಸಿನಿಮಾ ಒಳ್ಳೆಯದಾಗುವುದಿಲ್ಲ, ಇದನ್ನೂ ಹೇಳಿಬಿಡುತ್ತೇನೆ. ಶಿಬಿರಗಳಲ್ಲಿ ಎಷ್ಟೋ ಸಿನಿಮಾ ನೋಡಿದ್ದೇನೆ. ಕ್ಯಾಮೆರಾ ನಿಂತೇ ಇರುತ್ತದೆ, ಪಾತ್ರ ಕಿಟಕಿಯ ಹೊರಗೆ ನೋಡುತ್ತಲೇ ಇರುತ್ತದೆ, ಮೂರು ನಿಮಿಷ ಕಳೆದರೂ ಮೊದಲ ನಿಮಿಷದಲ್ಲಿ ಕಂಡದ್ದಕ್ಕಿಂತ ಜಾಸ್ತಿ ಏನೂ ಸಿಗುವುದಿಲ್ಲ. ಅದು ಖಾಲಿ ನಿಧಾನ. ಅಲ್ಲಿ ನಿಮಗೆ ಬೋರ್ ಆದರೆ ಧೈರ್ಯವಾಗಿ ಬರೆಯಿರಿ. ಆದರೆ ಯಾವ ದೃಶ್ಯದಲ್ಲಿ ಮನಸ್ಸು ಜಾರಿತು ಅಂತಲೂ ಬರೆಯಿರಿ.

ನಮ್ಮ ಮಣ್ಣಿನದೇ ಒಂದು ಸಿನಿಮಾ ಹೇಳದೆ ಮುಂದೆ ಹೋಗಲಾರೆ. ನಟೇಶ್ ಹೆಗ್ಡೆ ಉತ್ತರ ಕನ್ನಡದವರು. ಅವರ ಮೊದಲ ಸಿನಿಮಾ ‘ಪೆಡ್ರೊ’ 2021ರಲ್ಲಿ ಬೂಸಾನ್ ಚಿತ್ರೋತ್ಸವಕ್ಕೆ ಹೋಯ್ತು. ಮುಖ್ಯ ಪಾತ್ರದಲ್ಲಿ ಅವರ ತಂದೆ ಗೋಪಾಲ ಹೆಗ್ಡೆ. ಊರಿನಲ್ಲಿ ಕರೆಂಟಿನ ಕೆಲಸ ಮಾಡಿಕೊಂಡು, ಊರವರ ನಡುವೆ ಇದ್ದೂ ಹೊರಗೇ ಉಳಿದ ಒಬ್ಬ ಮನುಷ್ಯ. ತೋಟ ಕಾಯಲಿಕ್ಕೆ ಹೋದವನ ಕೈಯಲ್ಲಿ ಗೊತ್ತಿಲ್ಲದೆ ಒಂದು ಹಸು ಸಾಯುತ್ತದೆ. ಆಮೇಲೆ ಊರು ಅವನ ಮೇಲೆ ತಿರುಗಿ ಬೀಳುತ್ತದೆ.

1996ರ ‘ನಮ್ಮೂರ ಮಂದಾರ ಹೂವೇ’ ನಿಮಗೆ ನೆನಪಿರಬಹುದು, ಇಲ್ಲವೇ ಅಮ್ಮನಿಗೆ ಇದ್ದೇ ಇರುತ್ತದೆ. ಸುನೀಲ್ ಕುಮಾರ್ ದೇಸಾಯಿಯವರು ಯಾಣವನ್ನು ಎಷ್ಟು ಚೆಂದ ತೋರಿಸಿದರೆಂದರೆ ಆಮೇಲೆ ಅಲ್ಲಿಗೆ ಬರುವ ಜನ ಹೆಚ್ಚಿದರು. ಆ ಸಿನಿಮಾ ನನಗೆ ಇವತ್ತಿಗೂ ಇಷ್ಟ, ಇಳಯರಾಜಾ ಅವರ ಹಾಡು ಕೇಳಿದರೆ ಈಗಲೂ ಕೆಲಸ ನಿಲ್ಲಿಸುತ್ತೇನೆ. ಅಲ್ಲಿ ನಮ್ಮ ಕಾಡು ನೋಡಲಿಕ್ಕೆ ಬಂದವರ ಕಾಡು. ‘ಪೆಡ್ರೊ’ದಲ್ಲಿ ಅದೇ ಕಾಡು, ಅದೇ ಮಳೆ, ಆದರೆ ಅದರೊಳಗೆ ಬದುಕುವವನದು. ಮಳೆ ಚೆಂದ ಅಂತ ಯಾರೂ ಹೇಳುವುದಿಲ್ಲ. ಅಂಗಳ ಜಾರುತ್ತದೆ, ಬಟ್ಟೆ ಒಣಗುವುದಿಲ್ಲ, ಕತ್ತಲು ಬೇಗ ಬರುತ್ತದೆ, ಮಾತಾಡಬೇಕಾದವರು ಮಾತಾಡುವುದಿಲ್ಲ. ವಿಕಾಸ್ ಅರಸ್ ಅವರ ಕ್ಯಾಮೆರಾ ಹಾಗೇ ದೂರ ನಿಂತು ನೋಡುತ್ತದೆ. ನಮ್ಮ ಕಡೆ ಒಬ್ಬನನ್ನು ದೂರ ಇಡುವುದು ಬೈದು ಹೊಡೆದು ಅಲ್ಲ. ಮನೆಗೆ ಕರೆಯದೆ, ಜಗಲಿಯಲ್ಲೇ ಕೂರಿಸಿ ಮಾತು ಮುಗಿಸಿ ಕಳಿಸುವ ರೀತಿಯಲ್ಲಿ. ಆ ದೂರವನ್ನು ಕ್ಯಾಮೆರಾದ ದೂರದಿಂದಲೇ ಹೇಳಿದ್ದು ನನಗೆ ಬಹಳ ಹಿಡಿಸಿತು. ಎರಡನೇ ಅರ್ಧದಲ್ಲಿ ಒಂದೆರಡು ಸಲವಾದರೂ ಅವನ ಮುಖದ ಹತ್ತಿರ ಹೋಗಬೇಕಿತ್ತು ಅನ್ನಿಸಿದ್ದೂ ನಿಜ. ಅವರ ಎರಡನೇ ಸಿನಿಮಾ ‘ವಾಘಾಚಿಪಾಣಿ’ 16 ಎಂಎಂ ಫಿಲ್ಮಿನಲ್ಲಿ ತೆಗೆದದ್ದು. 2025ರಲ್ಲಿ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗದಲ್ಲಿ ಅದರ ಪ್ರದರ್ಶನವಾಯಿತು.

ಇಂಥ ಸಿನಿಮಾ ಕಾರವಾರಕ್ಕೆ ಯಾಕೆ ಬರುವುದಿಲ್ಲ ಅಂತ ನಿಮಗೆ ಅನ್ನಿಸಬಹುದು. ಈಗ ರೀಲಿನ ಡಬ್ಬ ಬಸ್ಸಿನಲ್ಲಿ ಬರಬೇಕಾಗಿಲ್ಲ, ಪ್ರಿಂಟಿನ ಖರ್ಚೂ ಇಲ್ಲ. ಆದರೆ ಚಿಕ್ಕ ಊರಿನಲ್ಲಿ ಇರುವುದೇ ಒಂದೋ ಎರಡೋ ಪರದೆ. ಶುಕ್ರವಾರ ಜನ ಬರದಿದ್ದರೆ ಸೋಮವಾರದ ಹೊತ್ತಿಗೆ ಶೋ ಕಡಿಮೆಯಾಗುತ್ತದೆ. ಬಾಯಿಮಾತು ಹರಡಲಿಕ್ಕೆ ಎರಡು ವಾರ ಬೇಕಾಗುವ ಸಿನಿಮಾಕ್ಕೆ ಸಿಗುವುದು ಮೂರು ದಿನ. ಕೊಪ್ಪಳ ಜಿಲ್ಲೆಯ ‘ಶಿವಮ್ಮ ಯರೇಹಂಚಿನಾಳ’ 2022ರಲ್ಲೇ ಬೂಸಾನಿನಲ್ಲಿ ಬಹುಮಾನ ಪಡೆದರೂ ಇಲ್ಲಿ ಟಾಕೀಸಿಗೆ ಬಂದದ್ದು 2024ರಲ್ಲಿ. ಅದು ನಿಮಗೆ ಖಂಡಿತ ಹಿಡಿಸುತ್ತದೆ. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು ಬೇಗ ದುಡ್ಡು ಮಾಡುವ ಚೈನು ವ್ಯಾಪಾರಕ್ಕೆ ಬೀಳುವ ಕಥೆ. ಬ್ಯಾಂಕಿನ ಕೌಂಟರಿನಲ್ಲಿ ಕೂತ ನೀವು ಅಂಥ ಮುಖಗಳನ್ನು ನೋಡಿರುತ್ತೀರಿ.

ಈಗ ಆ ಖಾಲಿ ಸಾಲು. ‘ಘಟಶ್ರಾದ್ಧ’ 1977ರದು. ಗಿರೀಶ್ ಕಾಸರವಳ್ಳಿಯವರ ಮೊದಲ ಸಿನಿಮಾ, ಯು.ಆರ್. ಅನಂತಮೂರ್ತಿಯವರ ಕಥೆ. ಸ್ವರ್ಣಕಮಲ ಪಡೆದ ಸಿನಿಮಾ. 2024ರಲ್ಲಿ ಅದರ ಹಳೆಯ ಪ್ರತಿಯನ್ನು ಶುದ್ಧಗೊಳಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಇಷ್ಟ ಆಯ್ತಾ ಇಲ್ವಾ ಅಂತ ನಿಮಗೆ ಹೇಳಲಿಕ್ಕೆ ಬರಲಿಲ್ಲ ಅಂದಿರಿ. ಅದಕ್ಕೆ ಕಾರಣ ಸಿನಿಮಾದ ಕಟ್ಟೋಣದಲ್ಲೇ ಇದೆ.

ಆ ಕಥೆಯನ್ನು ನಾವು ನೋಡುವುದು ನಾಣಿ ಅನ್ನುವ ಪುಟ್ಟ ಹುಡುಗನ ಜೊತೆ. ವೇದ ಕಲಿಯಲಿಕ್ಕೆ ಬಂದ ಮಾಣಿ. ದೊಡ್ಡ ಹುಡುಗರು ಕಾಡುತ್ತಾರೆ, ಯಮುನಕ್ಕ ಹತ್ತಿರ ಕರೆದು ಸಮಾಧಾನ ಮಾಡುತ್ತಾಳೆ. ಅವಳು ವಿಧವೆ, ಬಸುರಿಯಾಗಿದ್ದಾಳೆ. ನಾಣಿಗೆ ಅದು ಗೊತ್ತಿಲ್ಲ. ಅವಳು ರಾತ್ರಿ ಎದ್ದು ಎಲ್ಲಿಗೆ ಹೋಗುತ್ತಾಳೆ, ಹಾವಿನ ಬಿಲಕ್ಕೆ ಯಾಕೆ ಕೈ ಹಾಕುತ್ತಾಳೆ, ದೊಡ್ಡವರು ಯಾಕೆ ಪಿಸುಗುಡುತ್ತಾರೆ, ಅವನಿಗೆ ಯಾವುದೂ ಪೂರ್ತಿ ತಿಳಿಯುವುದಿಲ್ಲ. ನಮಗೆ ತಿಳಿಯುತ್ತದೆ. ಆದರೆ ಕಾಸರವಳ್ಳಿಯವರು ನಮ್ಮನ್ನು ಅವನ ಪಕ್ಕದಲ್ಲೇ ಕೂರಿಸಿದ್ದಾರೆ. ದೊಡ್ಡವರಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತು, ಮಾಡಲಿಕ್ಕೆ ಮಾತ್ರ ಮಗುವಿನಷ್ಟೇ ಬರುತ್ತದೆ. ಬದುಕಿದ್ದವಳಿಗೇ ಶ್ರಾದ್ಧ ಮಾಡಿ, ಗಡಿಗೆ ಒಡೆದು, ಊರಿಂದ ಹೊರಗೆ ಹಾಕುವಾಗ ನಾವೂ ಅವನ ಹಾಗೇ ನಿಂತು ನೋಡಬೇಕು. ಕೊನೆಗೆ ಅಪ್ಪ ಬಂದು ಅವನನ್ನು ಊರಿಗೆ ಕರೆದುಕೊಂಡು ಹೊರಡುತ್ತಾರೆ. ದಾರಿಯಲ್ಲಿ ಮರ. ಮರದ ಕೆಳಗೆ ತಲೆ ಬೋಳಿಸಿದ ಯಮುನಕ್ಕ. ಹುಡುಗ ನಡೆದು ಹೋಗಲೇಬೇಕು. ನೀವು ಪರದೆ ಆರಿಸಿದಿರಿ, ಅವನ ಹಾಗೆ ನೀವೂ ಹೊರಟುಬಂದಿರಿ. ಅಂಥ ಜಾಗದಿಂದ ಎದ್ದು ಬಂದವರಿಗೆ ‘ಇಷ್ಟ ಆಯ್ತಾ’ ಅನ್ನುವ ಪ್ರಶ್ನೆ ಹೊಂದುವುದಿಲ್ಲ. ನಿಮ್ಮ ಕೈ ಸ್ಟಾರ್ ಹಾಕಲಿಕ್ಕೆ ಒಪ್ಪದೆ ಇದ್ದದ್ದು ಅದಕ್ಕೇ. ಎರಡು ದಿನ ಆ ಮರದ ಹತ್ತಿರವೇ ಇದ್ದಿರಿ ಅಂದರೆ, ಸಿನಿಮಾ ಏನು ಮಾಡಹೊರಟಿತ್ತೋ ಅದು ನಿಮ್ಮಲ್ಲಿ ಆಗಿದೆ. ಡೈರಿಯಲ್ಲಿ ಅಲ್ಲಿ ‘ನಾಣಿ ನಡೆದುಹೋದ, ನಾನೂ’ ಅಂತ ಬರೆದರೆ ಸಾಕು.

ಮುಂದಿನ ಸಿನಿಮಾಗಳಿಗೂ ಹೀಗೇ ಮಾಡಿ ನೋಡಿ. ಸ್ಟಾರ್ ಬಿಡಬೇಕಾಗಿಲ್ಲ, ಆದರೆ ಕೊನೆಗೆ ಹಾಕಿ. ಮೊದಲು ಕಣ್ಣಿಗೆ ಉಳಿದದ್ದು ಒಂದು, ಕಿವಿಗೆ ಉಳಿದದ್ದು ಒಂದು. ಆಮೇಲೆ ಮನಸ್ಸು ಎಲ್ಲಿ ಜಾರಿತು. ಸಿನಿಮಾ ಏನು ಮಾಡಲಿಕ್ಕೆ ಹೊರಟಿತ್ತು, ಮಾಡಿತಾ. ಇಷ್ಟು ಬರೆದ ಮೇಲೆ ಎಷ್ಟೋ ಸಲ ಮೊದಲು ಅಂದುಕೊಂಡ ಸ್ಟಾರ್ ಬದಲಾಗುತ್ತದೆ. ನನ್ನ ಶಿಬಿರಕ್ಕೆ ಬರುವ ಹೈಸ್ಕೂಲು ಮಕ್ಕಳಿಗೂ ಇದನ್ನೇ ಹೇಳುತ್ತೇನೆ, ಅವರು ನನಗಿಂತ ಚೆನ್ನಾಗಿ ಬರೆಯುತ್ತಾರೆ.

ಅಮ್ಮನ ಜೊತೆ ನೋಡಲಿಕ್ಕೆ ‘ಗುಲಾಬಿ ಟಾಕೀಸು’. ಕಾಸರವಳ್ಳಿಯವರದೇ, 2008ರದು, ವೈದೇಹಿಯವರ ಕಥೆಯ ಎಳೆ ಹಿಡಿದು ಮಾಡಿದ್ದು. ‘ಘಟಶ್ರಾದ್ಧ’ಕ್ಕೆ ಕ್ಯಾಮೆರಾ ಹಿಡಿದ ಎಸ್. ರಾಮಚಂದ್ರ ಅವರೇ ಇದಕ್ಕೂ ಹಿಡಿದಿದ್ದಾರೆ, ಈ ಸಲ ಬಣ್ಣದಲ್ಲಿ. ಕುಂದಾಪುರ ಕಡೆಯ ಕುದುರು (ಹೊಳೆ ನಡುವಿನ ದ್ವೀಪ), ಮೀನುಗಾರರ ಮನೆಗಳು, ದೋಣಿ, ಉಪ್ಪುಗಾಳಿ. ಅಮ್ಮನಿಗೆ ಇದ್ಯಾವುದೂ ಹೊಸದಲ್ಲ. ಗುಲಾಬಿ ಸೂಲಗಿತ್ತಿ, ಸಿನಿಮಾ ಅಂದರೆ ಪ್ರಾಣ. ಒಂದು ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಟಿವಿ ಸಿಗುತ್ತದೆ, ಜೊತೆಗೆ ಡಿಶ್ಶು. ಅವಳ ಪುಟ್ಟ ಮನೆಯೇ ಊರ ಹೆಂಗಸರ ಟಾಕೀಸಾಗುತ್ತದೆ. ಈ ಪಾತ್ರಕ್ಕೆ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕಾರ್ಗಿಲ್ ಯುದ್ಧದ ಹೊತ್ತು. ಮೀನಿನ ವ್ಯಾಪಾರದ ಜಗಳ ಜಾತಿ ಧರ್ಮದ ಜಗಳವಾಗಿ ತಿರುಗುತ್ತದೆ. ಗುಲಾಬಿ ಆ ಊರಿನ ಕೆಲವೇ ಮುಸ್ಲಿಂ ಹೆಂಗಸರಲ್ಲಿ ಒಬ್ಬಳು. ಅವಳ ಮನೆಯೊಳಗೆ ಬರಲಾರದ, ಟಿವಿಯನ್ನು ಬಿಡಲೂ ಆಗದ ಹೆಂಗಸರು ಹೊರಗೆ ನಿಂತೇ ನೋಡುತ್ತಾರೆ.

ನೋಡುವಾಗ ಕಥೆಯ ಬಗ್ಗೆ ಅಮ್ಮನಿಗೆ ಏನೂ ಹೇಳಬೇಡಿ. ಒಂದೇ ಕೆಲಸ ಕೊಡಿ: ಗುಲಾಬಿಯ ಮನೆಯಲ್ಲಿ ಯಾರು ಹೊಸ್ತಿಲ ಒಳಗೆ ಕೂತಿದ್ದಾರೆ, ಯಾರು ಹೊರಗೆ ನಿಂತಿದ್ದಾರೆ, ಯಾರು ಯಾವಾಗ ಜಾಗ ಬದಲಿಸಿದರು ಅಂತ ಲೆಕ್ಕ ಇಡಲಿಕ್ಕೆ. ಆಟದಲ್ಲಿ ರಂಗಸ್ಥಳದ ಮೇಲೆ ಯಾರು ಎಲ್ಲಿ ನಿಂತರು ಅಂತ ನೋಡಿ ಅಭ್ಯಾಸ ಇದ್ದವರಿಗೆ ಅದು ಕಷ್ಟ ಅಲ್ಲ. ಮುಗಿದ ಮೇಲೆ ಅವರು ಏನು ಹೇಳಿದರು ಅಂತ ಡೈರಿಯಲ್ಲಿ ಬರೆದಿಟ್ಟು, ನನಗೂ ಒಂದು ಪತ್ರ ಹಾಕಿ.